ಮರದ ಲೆಕ್ಕದ ಪುಸ್ತಕ

ನಾನು ಓದಿದ ಮೊದಲ ಮರದ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಬರೆದವರು ನಮ್ಮಪ್ಪ.

ಅಪ್ಪ ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುವುದಾದರೆ, ತೋಟದ ರೈಟರ್ ಅಂದರೆ ಲೆಕ್ಕ ಬರೆಯುವವರು. ಕೆಲಸದವರ ಹಾಜರಿ, ಸಂಜೆ ತೂಗಿದ ಹಣ್ಣಿನ ಕೆಜಿ, ಗೊಬ್ಬರದ ಮೂಟೆ, ಮೆಣಸು ಕುಯ್ಯಲು ಹೋದ ಏಣಿ ಎಷ್ಟು, ವಾಪಸ್ ಬಂದದ್ದು ಎಷ್ಟು, ಎಲ್ಲ ಅವರ ಕೈಬರಹದಲ್ಲೇ ಇರುತ್ತಿತ್ತು. 1984ರ ಬೇಸಿಗೆಯಲ್ಲಿ ಮಾಲೀಕರು ತೋಟದ ಮರಗಳನ್ನೆಲ್ಲ ಎಣಿಸಿ ಲೆಕ್ಕ ಕೊಡಿ ಅಂದರು.

ನನಗಾಗ ಒಂಬತ್ತು ವರ್ಷ. ಶಾಲೆಗೆ ರಜೆ. ಅಪ್ಪನ ಹಿಂದೆ ನಾನೂ ಹೊರಟೆ. ಟೇಪು ಹಿಡಿಯಲು ಇಬ್ಬರು. ಟಾರಿನ ಡಬ್ಬಿ ಹಿಡಿದು ಮರಕ್ಕೆ ನಂಬರ್ ಬರೆಯಲು ಇನ್ನೊಬ್ಬರು. ಅವರು ಯರವ ಬುಡಕಟ್ಟಿನ ಹಾಡಿಯವರು, ಆಗಿನ್ನೂ ಇಪ್ಪತ್ತರ ಹುಡುಗ. ನಾನು ಅಣ್ಣ ಅಂತ ಕರೆಯುತ್ತಿದ್ದೆ. ಎದೆ ಎತ್ತರಕ್ಕೆ ಟೇಪು ಸುತ್ತಿ ಅಡಿ, ಇಂಚು ಕೂಗುತ್ತಿದ್ದರು. ಅಪ್ಪ ಮರದ ತುದಿಯವರೆಗೆ ಒಮ್ಮೆ ಕತ್ತೆತ್ತಿ ನೋಡಿ, ಆಮೇಲೆ ಬರೆಯುತ್ತಿದ್ದರು. ನಾಲ್ಕು ಕಾಲಂ. ನಂಬರ್, ಜಾತಿ, ಸುತ್ತಳತೆ, ಷರಾ.

ಮಾಲೀಕರಿಗೆ ಹೋದದ್ದು ನೀಟಾಗಿ ಇಳಿಸಿ ಬರೆದ ಪ್ರತಿ. ತೋಟದಲ್ಲಿ ನಿಂತು ಬರೆದ ಕಚ್ಚಾ ಪುಸ್ತಕ ನಮ್ಮ ಮನೆಯಲ್ಲೇ ಉಳಿಯಿತು. ಈಗ ನನ್ನ ಮೇಜಿನ ಮೇಲಿದೆ. ಪುಟದ ಮೂಲೆಗಳಲ್ಲಿ ಟಾರು ಅಂಟಿದ ಹೆಬ್ಬೆರಳಿನ ಗುರುತು ಹಾಗೇ ಇದೆ.

41, ಹೊನ್ನೆ, 7 ಅಡಿ 2 ಇಂಚು, ಮೆಣಸಿನ ಬಳ್ಳಿ ಇದೆ. 58, ನಂದಿ, 9 ಅಡಿ, ಸಿಡಿಲು ಹೊಡೆದು ಒಂದು ಮಗ್ಗುಲು ಒಣಗಿದೆ. 77, ಮತ್ತಿ, 8 ಅಡಿ, ಟೊಳ್ಳು. 112, ಹೆಬ್ಬಲಸು, 11 ಅಡಿ, ಹೆಜ್ಜೇನು ಕೂರುತ್ತೆ.

ಅಪ್ಪ ಮಾತು ಕಡಿಮೆ. ಮನೆಯಲ್ಲಿ ಕೂತು ಕತೆ ಹೇಳಿದವರಲ್ಲ. ನನಗೆ ಆ ಷರಾ ಕಾಲಮ್ಮೇ ಕತೆ ಪುಸ್ತಕವಾಗಿತ್ತು. ಹೆಜ್ಜೇನು ಕೂರುತ್ತೆ ಅಂತ ಬರೆಯಲು ಅವರಿಗೆ ಯಾರೂ ಹೇಳಿರಲಿಲ್ಲ. ಮರದ ರೇಟಿಗೂ ಜೇನಿಗೂ ಯಾವ ಸಂಬಂಧವೂ ಇಲ್ಲ. ಆದರೂ ಬರೆದಿದ್ದರು.

ಕೊನೆಯ ಪುಟದಲ್ಲಿ ಒಂದೇ ಸಾಲು. ‘ಕಾಡುಜಾತಿ, ಒಟ್ಟು 340.’ ಅದಕ್ಕೆ ನಂಬರ್ ಇಲ್ಲ, ಸುತ್ತಳತೆ ಇಲ್ಲ, ಷರಾ ಇಲ್ಲ. ಇವಕ್ಕೆ ಯಾಕೆ ಹೆಸರಿಲ್ಲ ಅಂತ ಕೇಳಿದ್ದೆ. “ಅದಕ್ಕೆ ರೇಟಿಲ್ಲ ಮಗ” ಅಂದಿದ್ದರು.

ಆ ಪುಸ್ತಕ ಬರೆಸಿದ್ದು ಯಾಕೆ ಅಂತ ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಲಾರಿಗಳು ಬಂದಾಗ. ಯಾವ ಮರ ಹೋಯಿತೋ ಆ ಸಾಲಿನ ಮೇಲೆ ಅಪ್ಪ ಸ್ಕೇಲ್ ಇಟ್ಟು ಕೆಂಪು ಇಂಕಿನ ಗೆರೆ ಎಳೆದರು. ಕೆಲವು ಪುಟದಲ್ಲಿ ಗೆರೆಗಳೇ ಜಾಸ್ತಿ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲಿನ ನಲವತ್ತು ವರ್ಷದಲ್ಲಿ ಕಾಡಿನ ಬಗ್ಗೆ, ಮರದ ಬಗ್ಗೆ ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದುತ್ತಾ ಬಂದಿದ್ದೇನೆ. ಕೆಲವು ಮರೆತುಹೋದವು. ಕೆಲವು ಬಿಡದೆ ಕೂತಿವೆ. ಹೀಗೆ ಕೂತಿರುವ ಪುಸ್ತಕಗಳನ್ನು ಬರೆದವರು ಯಾರು ಅಂತ ಒಂದು ದಿನ ಸುಮ್ನೆ ಯೋಚಿಸಿದೆ. ಹೆಚ್ಚಿನವರು ಕಾಡಿಗೆ ತಾವೇ ಕೈ ಹಾಕಿದವರು. ಕಡಿದವರು, ಕಡಿಯಲು ಗುರುತು ಹಾಕಿದವರು, ಬೇಟೆಯಾಡಿದವರು, ಕಾಡು ಸವರಿ ತೋಟ ಮಾಡಿದವರು. ದೂರ ನಿಂತು ಕಾಡನ್ನು ಹೊಗಳಿದ ಪುಸ್ತಕ ಓದುವಾಗ ಹಿತವಾಗಿರುತ್ತದೆ, ನಿಜ. ಆದರೆ ನನ್ನನ್ನು ಅಲ್ಲಾಡಿಸಿದ್ದು ಕೈಯಲ್ಲಿ ಕತ್ತಿ ಹಿಡಿದಿದ್ದವರು ಬರೆದ ಪುಸ್ತಕಗಳು.

ಮೊದಲು ‘ಬೆಟ್ಟದ ಜೀವ’ದ ಮಾತು ಹೇಳಬೇಕು. ಅದನ್ನು ಓದಿದ್ದು ಮೈಸೂರಿನಲ್ಲಿ, ಬಿ.ಎ. ಮೊದಲನೇ ವರ್ಷ, ಹಾಸ್ಟೆಲಿನಲ್ಲಿ. ಅಷ್ಟು ಹೊತ್ತಿಗೆ ಎಸ್ಟೇಟ್ ಕೈ ಬದಲಾಗಿತ್ತು. ಅಂಚಿನ ಜಾಗವನ್ನು ತುಂಡು ಮಾಡಿ ಮಾರಿದ್ದರು. ಅಪ್ಪ ಪಿಎಫ್ ದುಡ್ಡಿಗೆ ಅಮ್ಮನ ಬಳೆ ಸೇರಿಸಿ ಮೂರು ಎಕರೆ ತಗೊಂಡಿದ್ದರು. ಅದರಲ್ಲಿ ಅವರೇ ನಂಬರ್ ಹಾಕಿಸಿದ್ದ ಇಪ್ಪತ್ತಾರು ಮರಗಳಿದ್ದವು. ನನ್ನ ಹಾಸ್ಟೆಲ್ ಫೀಸಿಗೆ, ಬಟ್ಟೆಗೆ, ಪುಸ್ತಕಕ್ಕೆ ದುಡ್ಡು ಬಂದದ್ದು ಅದರಲ್ಲೊಂದು ಮರದಿಂದ. 41ನೇ ನಂಬರಿನ ಹೊನ್ನೆ.

ಅದನ್ನು ಕಡಿಯುವಾಗ ನಾನು ಅಲ್ಲೇ ಇದ್ದೆ. ಮೊದಲು ಮೆಣಸಿನ ಬಳ್ಳಿಯನ್ನು ಜೋಪಾನವಾಗಿ ಬಿಡಿಸಿ ಕೆಳಗೆ ಮಲಗಿಸಿದರು. ಕೊಡಲಿಯ ಎರಡನೇ ಏಟಿಗೆ ತೊಗಟೆಯಿಂದ ಕೆಂಪು ರಸ ಇಳಿಯಿತು. ಹೊನ್ನೆಗೆ ಗಾಯವಾದರೆ ಹಾಗೇ, ಅಂಟು ಕೆಂಪಗೆ ಸುರಿದು ಆಮೇಲೆ ಗಟ್ಟಿಯಾಗುತ್ತದೆ. ಹಳಬರು ಅದನ್ನು ಔಷಧಿಗೆ ತೆಗೆದಿಡುತ್ತಿದ್ದರು. ಅಪ್ಪ ಮರ ಬೀಳುವವರೆಗೆ ನಿಂತಿದ್ದರು. ಮನೆಗೆ ಬಂದು ಕೈಕಾಲು ತೊಳೆದು, ಪುಸ್ತಕ ತೆಗೆದು, ಗೆರೆ ಎಳೆದರು.

ಆ ಗೆರೆ ಮನಸ್ಸಲ್ಲಿಟ್ಟುಕೊಂಡೇ ನಾನು ಕಾರಂತರನ್ನು ಓದಿದ್ದು. ‘ಬೆಟ್ಟದ ಜೀವ’ 1943ರಲ್ಲಿ ಬಂದ ಕಾದಂಬರಿ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿದ ಶಿವರಾಮಯ್ಯ, ಗೋಪಾಲಯ್ಯ ಅನ್ನುವ ಮುದುಕರ ಮನೆಗೆ ಬಂದು ಸೇರುತ್ತಾನೆ. ಅಲ್ಲಿಯ ಕುಮಾರಪರ್ವತ ಅಂದರೆ ನಮ್ಮ ಪುಷ್ಪಗಿರಿಯೇ. 1,712 ಮೀಟರಿನ ಒಂದೇ ಬೆಟ್ಟ. ಆ ಕಡೆಯವರಿಗೆ ಒಂದು ಹೆಸರು, ಈ ಕಡೆ ಸೋಮವಾರಪೇಟೆಯವರಿಗೆ ಇನ್ನೊಂದು. ಹಾಗಾಗಿ ಆ ಕಾದಂಬರಿಯ ಮಳೆ, ಜಿಗಣೆ, ಸಂಜೆ ಐದಕ್ಕೇ ಕವಿಯುವ ಕತ್ತಲು ನನಗೆ ಹೊಸದಲ್ಲ.

ಹೊಸದಾಗಿದ್ದು ಗೋಪಾಲಯ್ಯ. ಆ ಮನುಷ್ಯ ಕಾಡು ಕಡಿದು ತೋಟ ಎಬ್ಬಿಸಿದವರು. ಆನೆ, ಹುಲಿ, ಮಳೆ ಎಲ್ಲದರ ಜೊತೆ ಗುದ್ದಾಡಿದವರು. ಆದರೆ ಆ ಬೆಟ್ಟವನ್ನು ಅವರಷ್ಟು ಪ್ರೀತಿಸುವವರು ಆ ಪುಸ್ತಕದಲ್ಲಿ ಇನ್ನೊಬ್ಬರಿಲ್ಲ. ಮಗ ಮನೆ ಬಿಟ್ಟು ಹೋಗಿದ್ದಾನೆ. ಗಂಡ ಹೆಂಡತಿ ಇಬ್ಬರೂ ಆ ನೋವನ್ನು ಒಳಗೇ ಇಟ್ಟುಕೊಂಡು ಬಂದವರಿಗೆಲ್ಲ ಬಡಿಸುತ್ತಾರೆ. ಕಡಿಯುವುದೂ ಪ್ರೀತಿಸುವುದೂ ಒಂದೇ ಎದೆಯಲ್ಲಿ ಇರಬಹುದಾ? ಹತ್ತೊಂಬತ್ತರ ವಯಸ್ಸಿನ ನನಗೆ ಆ ಪ್ರಶ್ನೆ ಬಂದಾಗ ಕಣ್ಣ ಮುಂದೆ ನಿಂತದ್ದು ಗೋಪಾಲಯ್ಯ ಅಲ್ಲ. ಸ್ಕೇಲ್ ಇಟ್ಟುಕೊಂಡು ಕೂತ ನಮ್ಮಪ್ಪ.

ಇದೇ ಪ್ರಶ್ನೆ ಇನ್ನೂ ಗಟ್ಟಿಯಾಗಿ ಎದುರಾದದ್ದು ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಆರಣ್ಯಕ’ದಲ್ಲಿ. ಬಂಗಾಳಿ ಕಾದಂಬರಿ, 1939ರದ್ದು. ನಾನು ಓದಿದ್ದು ಇಂಗ್ಲಿಷಿನಲ್ಲಿ. ಕೆಲಸವಿಲ್ಲದ ಸತ್ಯಚರಣ ಅನ್ನುವ ಹುಡುಗ ಕಲ್ಕತ್ತೆಯಿಂದ ಬಿಹಾರದ ಕಾಡಿಗೆ ಮ್ಯಾನೇಜರ್ ಆಗಿ ಬರುತ್ತಾನೆ. ಕಾಡಿನ ಜಾಗವನ್ನು ಅಳೆದು ಒಕ್ಕಲಿಗೆ ಕೊಡುವುದೇ ಅವನ ಕೆಲಸ. ಮೊದಮೊದಲು ಆ ಒಂಟಿತನ ಅವನಿಗೆ ತಡೆಯಲಾಗುವುದಿಲ್ಲ. ಆಮೇಲೆ ಕಾಡು ಅವನನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಹಿಡಿದುಕೊಂಡರೂ ಅವನ ಕೆಲಸ ನಿಲ್ಲುವುದಿಲ್ಲ. ಸಂಬಳ ಬರುವುದೇ ಕಾಡು ಕರಗಿಸುವುದಕ್ಕೆ. ಕೊನೆಗೆ ಹೊರಡುವಾಗ ಕಾಡಿನ ದೇವತೆಗಳ ಹತ್ತಿರ ಕ್ಷಮೆ ಕೇಳುತ್ತಾನೆ. ಬರೆದವರೂ ಭಾಗಲ್ಪುರದ ಕಡೆ ಅಂಥದೇ ಎಸ್ಟೇಟಿನಲ್ಲಿ ಕೆಲಸ ಮಾಡಿದ್ದರು. ಅದಕ್ಕೇ ಆ ಕ್ಷಮೆ ಬಾಯಿಮಾತಿನದ್ದು ಅನ್ನಿಸುವುದಿಲ್ಲ.

ಆ ಪುಸ್ತಕದಲ್ಲಿ ಜುಗಲ್‌ಪ್ರಸಾದ್ ಅನ್ನುವವನಿದ್ದಾನೆ. ಎಲ್ಲೆಲ್ಲಿಂದಲೋ ಬೀಜ, ಗೆಡ್ಡೆ ತಂದು ಕಾಡಿನ ಕೊಳದ ಸುತ್ತ ಹೂವಿನ ಗಿಡ ಬೆಳೆಸುತ್ತಾ ಹೋಗುತ್ತಾನೆ. ಅದು ಅವನ ಜಾಗವಲ್ಲ. ಯಾರೂ ಕೂಲಿ ಕೊಡುವುದಿಲ್ಲ. ಯಾರೂ ನೋಡುವುದೂ ಇಲ್ಲ. ಅವನ ಪುಟಗಳನ್ನು ನಾನು ಮೂರು ಸಲ ಓದಿದ್ದೇನೆ.

ವಿದೇಶದ ಪುಸ್ತಕಗಳಲ್ಲೂ ಇದೇ ಕಂಡಿತು. ಪೀಟರ್ ವೊಲ್‌ಲೆಬೆನ್ ಜರ್ಮನಿಯ ಅರಣ್ಯ ಇಲಾಖೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಯಾವ ಮರ ಕಡಿಯಬೇಕು, ಅದರಿಂದ ಎಷ್ಟು ಬರುತ್ತದೆ ಅಂತ ನೋಡುವುದೇ ಅವರ ದಿನದ ಕೆಲಸವಾಗಿತ್ತು. ಮರದ ಒಳಬದುಕಿನ ಬಗ್ಗೆ ಆಗ ತನಗೆ ಏನೂ ಗೊತ್ತಿರಲಿಲ್ಲ ಅಂತ ‘ದಿ ಹಿಡನ್ ಲೈಫ್ ಆಫ್ ಟ್ರೀಸ್’ ಪುಸ್ತಕದ ಶುರುವಿನಲ್ಲೇ ಒಪ್ಪಿಕೊಳ್ಳುತ್ತಾರೆ. ಆಲ್ಡೊ ಲಿಯೋಪೋಲ್ಡ್ ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದವರು. ತೋಳ ಕಡಿಮೆಯಾದರೆ ಜಿಂಕೆ ಜಾಸ್ತಿಯಾಗುತ್ತವೆ ಅಂತ ನಂಬಿ, ಹುಡುಗ ವಯಸ್ಸಿನಲ್ಲಿ ಒಂದು ಹೆಣ್ಣು ತೋಳಕ್ಕೆ ಗುಂಡು ಹೊಡೆದಿದ್ದರು. ಹತ್ತಿರ ಹೋದಾಗ ಅದರ ಕಣ್ಣಲ್ಲಿ ಆರುತ್ತಿದ್ದ ಹಸಿರು ಬೆಂಕಿಯನ್ನು ಜೀವನಪೂರ್ತಿ ಮರೆಯಲಿಲ್ಲ. ಅದನ್ನು ಬರೆದ ಪುಸ್ತಕ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಬಂದದ್ದು 1949ರಲ್ಲಿ, ಅವರು ತೀರಿಕೊಂಡ ಮುಂದಿನ ವರ್ಷ. ಅದನ್ನು ಓದುವಾಗ ನನಗೆ ಇಲ್ಲಿಯ ನರಿಮಂಗಲ ನೆನಪಾಯಿತು. ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ. ಹಿಂದೆ ಹುಲಿ ಹೊಡೆದವನನ್ನು ಮದುವೆ ಗಂಡಿನ ಹಾಗೆ ಕೂರಿಸಿ ಸನ್ಮಾನ ಮಾಡುತ್ತಿದ್ದರು. ಈಗ ಅದೇ ಕೊಡಗಿನ ಅಂಚಿನ ನಾಗರಹೊಳೆಗೆ ಜನ ಹುಲಿ ನೋಡಲು ಬರುತ್ತಾರೆ. ಆ ಕಾಡಿಗೆ ಜೀವ ತೇಯ್ದ ರೇಂಜರ್ ಕೆ. ಎಂ. ಚಿಣ್ಣಪ್ಪನವರೂ ಕೊಡಗಿನವರೇ. ಅವರ ಅನುಭವವನ್ನು ಟಿ. ಎಸ್. ಗೋಪಾಲ್ ‘ಕಾಡಿನೊಳಗೊಂದು ಜೀವ’ ಅಂತ ಪುಸ್ತಕ ಮಾಡಿದ್ದಾರೆ. ಸಿಕ್ಕರೆ ದಯವಿಟ್ಟು ಓದಿ.

ಇನ್ನು ಸುಜಾನ್ ಸಿಮಾರ್ಡ್. ಕೆನಡಾದವರು. ಅವರ ಮನೆತನವೇ ಮರ ಕಡಿಯುವವರದ್ದು. ಕುದುರೆ ಕಟ್ಟಿ ದಿಮ್ಮಿ ಎಳೆಸುತ್ತಿದ್ದವರು. ಸಿಮಾರ್ಡ್ ಬರ್ಚ್ ಸಸಿಗೂ ಫರ್ ಸಸಿಗೂ ಚೀಲ ಕಟ್ಟಿ, ಎರಡಕ್ಕೂ ಬೇರೆ ಬೇರೆ ಗುರುತಿನ ಇಂಗಾಲದ ಗಾಳಿ ಬಿಟ್ಟು, ಒಂದರೊಳಗಿನ ಇಂಗಾಲ ಇನ್ನೊಂದಕ್ಕೆ ಹೋಗಿದೆ ಅಂತ ತೋರಿಸಿದರು. ನೆರಳಲ್ಲಿ ನಿಂತ ಫರ್‌ಗೆ ಜಾಸ್ತಿ ಸಿಕ್ಕಿತ್ತು. ಬೇರಿಗೆ ಅಂಟಿದ ಶಿಲೀಂಧ್ರದ ಎಳೆಗಳು ಇದಕ್ಕೆ ದಾರಿ ಅಂದರು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಮುಂದೆ ಮರಗಳು ಮಾತಾಡುತ್ತವೆ, ತಾಯಿ ಮರ ಮಕ್ಕಳಿಗೆ ಉಣಿಸುತ್ತದೆ ಅಂತೆಲ್ಲ ಹಬ್ಬಿತು. ಆದರೆ 2023ರಲ್ಲಿ ಇದೇ ವಿಷಯದ ವಿಜ್ಞಾನಿಗಳು ಮೂವರು ಇದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, ಕಾಡಿನ ಮಟ್ಟಿಗೆ ಇಷ್ಟು ದೊಡ್ಡ ಮಾತಿಗೆ ಬೇಕಾದಷ್ಟು ಪುರಾವೆ ಇನ್ನೂ ಇಲ್ಲ ಅಂತ ಬರೆದರು. ನನಗೆ ಇದರಿಂದ ಬೇಜಾರಾಗಲಿಲ್ಲ. ಮರ ನಮ್ಮ ಹಾಗೇ ಮಾತಾಡಿದರೆ ಮಾತ್ರ ಅದಕ್ಕೆ ಬೆಲೆ ಅಂತ ಯಾಕೆ ಅಂದುಕೊಳ್ಳಬೇಕು?

ವೊಲ್‌ಲೆಬೆನ್ ಪುಸ್ತಕದಲ್ಲಿ ಒಂದು ಹಳೇ ಬುಡದ ಕತೆ ಬರುತ್ತದೆ. ನಾನೂರೋ ಐನೂರೋ ವರ್ಷದ ಹಿಂದೆ ಕಡಿದ ಬೀಚ್ ಮರದ ಬುಡ. ಚಾಕುವಿನಿಂದ ಕೆರೆದು ನೋಡಿದರೆ ಒಳಗೆ ಇನ್ನೂ ಹಸಿರು. ಅದನ್ನು ಓದಿದ ಮಾರನೇ ದಿನವೇ ನಾನು ಕತ್ತಿ ಹಿಡಿದುಕೊಂಡು ನಮ್ಮ 58ನೇ ನಂಬರಿನ ನಂದಿ ಬುಡದ ಹತ್ತಿರ ಹೋದೆ. ಕೆರೆದೆ. ಹಸಿರಿರಲಿಲ್ಲ. ಪುಡಿಪುಡಿಯಾದ ಮರ, ಅದರೊಳಗೆ ಗೆದ್ದಲು. ಎದ್ದು ಬಂದೆ. ಜೂನ್‌ನಲ್ಲಿ ಮಳೆ ಹಿಡಿದು ಎಂಟು ದಿನಕ್ಕೆ, ಅದೇ ಬುಡದ ಪಕ್ಕ ನೆಲ ಬಿರಿದು ಕುಮ್ಮು ಎದ್ದಿದ್ದವು. ಹೊರಗಿನವರು ಅಣಬೆ ಅನ್ನುತ್ತಾರೆ. ಗೆದ್ದಲು ಮರವನ್ನು ಅಗಿದು ಒಳಗೆ ಗೂಡು ಕಟ್ಟಿ, ಅದರ ಮೇಲೆ ಒಂದು ಶಿಲೀಂಧ್ರ ಬೆಳೆಸಿಕೊಳ್ಳುತ್ತದೆ. ಮಳೆ ಬಿದ್ದಾಗ ಆ ಶಿಲೀಂಧ್ರವೇ ಕೊಡೆ ಬಿಚ್ಚಿಕೊಂಡು ಮೇಲೆ ಬರುತ್ತದೆ. ಒಂದೊಂದು ಕುಮ್ಮಿನ ಬೇರು ಕೈಯುದ್ದ ಒಳಗೆ ಇಳಿದಿತ್ತು. ಅಮ್ಮ ಸಾರು ಮಾಡಿದರು. ಅಪ್ಪ ಆಗ ಇನ್ನೂ ಇದ್ದರು. 58ರ ಬುಡದ್ದು ಅಂದೆ. ಏನೂ ಹೇಳದೆ ಇನ್ನೊಂದು ಸೌಟು ಹಾಕಿಸಿಕೊಂಡರು.

ತೇಜಸ್ವಿಯವರ ಮಾತು ಬರದೆ ಕನ್ನಡದಲ್ಲಿ ಕಾಡಿನ ಪುಸ್ತಕದ ಮಾತು ಮುಗಿಯುವುದಿಲ್ಲ. ಅವರೂ ಕಾಫಿ ಬೆಳೆದವರು. ಕೋವಿ ಹಿಡಿದು ಕಾಡು ಸುತ್ತಿದವರು, ಆಮೇಲೆ ಕ್ಯಾಮೆರಾ ಹಿಡಿದವರು. ‘ಕರ್ವಾಲೊ’ 1980ರಲ್ಲಿ ಬಂತು. ಅದರ ನಿರೂಪಕನೂ ಬೇಸಾಯಕ್ಕೆ ಬೇಸತ್ತು ಜಮೀನು ಮಾರಿಬಿಡೋಣ ಅಂತ ಯೋಚಿಸುವ ರೈತ. ಜೇನು ಹಿಡಿಯುವ ಮಂದಣ್ಣ ಕಂಡ ಹಾರುವ ಓತಿಯನ್ನು ಹುಡುಕಿಕೊಂಡು ಒಂದು ದಂಡೇ ಕಾಡಿಗೆ ಹೊರಡುತ್ತದೆ. ಆ ಪ್ರಾಣಿ ನಿಜವಾಗಿ ಇದೆ ಅಂತ ನಾನು ಬಹಳ ದಿನ ನಂಬಿರಲಿಲ್ಲ. ನಮ್ಮ ತೋಟದಲ್ಲೇ ಇತ್ತು. ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

77ನೇ ನಂಬರಿನ ಮತ್ತಿ ಮರ ನಮ್ಮ ಕಣದ ಹತ್ತಿರವೇ ಇದೆ. ಅದರ ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಸೀಳಿರುತ್ತದೆ. ಒಂದು ಫೆಬ್ರವರಿಯ ಬೆಳಿಗ್ಗೆ, ಒಣ ಹಾಕಿದ ಕಾಫಿಯನ್ನು ಕಾಲಿನಲ್ಲಿ ಗೆರೆ ಎಳೆದು ತಿರುವುತ್ತಿದ್ದೆ. ತೊಗಟೆಯ ಮೇಲೆ ಏನೋ ಹಳದಿ ಮಿಂಚಿ ಹೋಯಿತು. ಮತ್ತೆ ಮಿಂಚಿತು. ಹತ್ತಿರ ಹೋಗಿ ಐದು ನಿಮಿಷ ಅಲ್ಲಾಡದೆ ನಿಂತೆ. ತೊಗಟೆಯದ್ದೇ ಬಣ್ಣದ ಸಣ್ಣ ಓತಿ. ಗಂಟಲ ಕೆಳಗಿನ ಹಳದಿ ಚರ್ಮವನ್ನು ಬೀಸಣಿಗೆಯ ಹಾಗೆ ಬಿಚ್ಚಿ ಮುಚ್ಚುತ್ತಿತ್ತು. ಹಾಗೆ ಮಾಡುವುದು ಗಂಡು. ಒಂದಿರುವೆ ಹತ್ತಿರ ಬಂತು, ನಾಲಿಗೆ ಚಾಚಿ ತಿಂದಿತು. ಮೇಲೆ ಹತ್ತಿತು. ಇನ್ನೂ ಮೇಲೆ. ಆಮೇಲೆ ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಯ ಹಾಗೆ ಅಗಲ ಮಾಡಿ, ಅವುಗಳ ನಡುವಿನ ಚರ್ಮ ಬಿಚ್ಚಿ, ಕಣದ ಮೇಲಿಂದ ತೇಲಿ ಆಚೆಯ ಹಲಸಿನ ಮರಕ್ಕೆ ಹೋಗಿ ಅಂಟಿಕೊಂಡಿತು. ಸದ್ದೇ ಇಲ್ಲ. ನಾನು ಆ ಮರದ ಕೆಳಗೆ ಆಡಿ ಬೆಳೆದವಳು. ಅವತ್ತು ಪುಸ್ತಕ ತೆಗೆದು ಅಪ್ಪನ ‘ಟೊಳ್ಳು’ ಅನ್ನುವ ಷರಾದ ಪಕ್ಕ ಪೆನ್ಸಿಲಿನಲ್ಲಿ ‘ಹಾರುವ ಓತಿ ಇದೆ’ ಅಂತ ಬರೆದೆ. ಅವರ ಪುಸ್ತಕದಲ್ಲಿ ನಾನು ಬರೆದ ಮೊದಲ ಅಕ್ಷರ ಅದು.

ಟೊಳ್ಳು ಅನ್ನುವ ಮಾತಿಗೆ ಇನ್ನೊಂದು ಸೇರಿಸಬೇಕು. ಮರದ ವ್ಯಾಪಾರದಲ್ಲಿ ಟೊಳ್ಳು ಅಂದರೆ ಬೆಲೆ ಹೋಯಿತು ಅಂತ. ಆದರೆ ಮಂಗಟ್ಟೆ ಹಕ್ಕಿಗೆ ಅದೇ ಮನೆ. ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲನ್ನು ಒಂದು ಸೀಳು ಬಿಟ್ಟು ಮುಚ್ಚಿಕೊಳ್ಳುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಒಂದೊಂದಾಗಿ ಕೊಡುತ್ತದೆ. ಯಾವ ಹಣ್ಣು? ಹೆಚ್ಚಾಗಿ ಅತ್ತಿ, ಬಸರಿ, ಗೋಣಿಯ ಜಾತಿಯದ್ದು. ಬೇರೆ ಮರಗಳಲ್ಲಿ ಏನೂ ಇಲ್ಲದ ಕಾಲದಲ್ಲೂ ಈ ಜಾತಿಯಲ್ಲಿ ಯಾವುದಾದರೊಂದು ಮರ ಹಣ್ಣು ಬಿಟ್ಟಿರುತ್ತದೆ. ಅಪ್ಪನ ಪುಸ್ತಕದಲ್ಲಿ ಅವೆಲ್ಲ ಎಲ್ಲಿವೆ ಗೊತ್ತಾ? ಕೊನೆಯ ಪುಟದ ಆ 340ರಲ್ಲಿ.

ಹೆಸರಿಲ್ಲದ ಆ ಪುಟ ನನ್ನನ್ನು ಕೊರೆಯಲು ಶುರುವಾದದ್ದು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ಮೇಲೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು ಬರೆದಿದ್ದಾರೆ, ಚಿತ್ರಗಳನ್ನೂ ತಾವೇ ಬಿಡಿಸಿದ್ದಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಗಿಡ ಕಂಡರೆ ಅದರ ಎಲೆ, ಹೂವು, ವಾಸನೆ, ಹೆಸರು, ಆ ಹೆಸರು ಹೇಗೆ ಬಂತು, ಯಾರು ಅದನ್ನು ಯಾತಕ್ಕೆ ಬಳಸುತ್ತಾರೆ, ಎಲ್ಲವನ್ನೂ ನಗುನಗುತ್ತಾ ಹೇಳುತ್ತಾರೆ. ಆ ಪುಸ್ತಕದಲ್ಲಿ ‘ಇತರೆ’ ಅನ್ನುವ ಗಿಡವೇ ಇಲ್ಲ. ಮುಗಿಸಿ ಕೆಳಗಿಟ್ಟಾಗ ನಮ್ಮ ಮೂರು ಎಕರೆಯಲ್ಲಿ ನನಗೆ ಹೆಸರು ಗೊತ್ತಿಲ್ಲದ ಮರ ಎಷ್ಟಿವೆ ಅಂತ ಎಣಿಸಿದೆ. ಹದಿನೇಳು.

ಹೆಸರಿಲ್ಲದ ಮರ ಹೋದರೆ ಗೊತ್ತೇ ಆಗುವುದಿಲ್ಲ. ಕೊಡಗಿನ ತೋಟಗಳಲ್ಲಿ ಆಗುತ್ತಿರುವುದು ಇದೇ. ಹಳೇ ತೋಟ ಅಂದರೆ ಕಾಡಿನ ಮರಗಳ ಕೆಳಗೆ ಕಾಫಿ. ಈಗ ಒಂದೊಂದೇ ಹೋಗಿ ಆ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಆಸ್ಟ್ರೇಲಿಯಾದ ಮರ. ನೆಟ್ಟಗೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸುಲಭ. ನೆಟ್ಟವರನ್ನು ನಾನು ಬೈಯುವುದಿಲ್ಲ, ನಮ್ಮಲ್ಲೂ ಇವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಬೇಕಾದಾಗ ಕಡಿಯಬಹುದು. ನಂದಿ, ಹೊನ್ನೆಗೆ ಅನುಮತಿ ಬೇಕು. ಅನ್‌ರಿಡೀಮ್ಡ್ ಜಾಗವಾದರೆ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗವಾದರೆ, ಮರದ ಮೇಲಿನ ಹಕ್ಕೇ ಸರ್ಕಾರದ್ದು. ಹಾಗಿದ್ದ ಮೇಲೆ ತಾನಾಗಿ ಹುಟ್ಟಿದ ಬೀಟೆ ಸಸಿಯನ್ನು ಕಳೆ ಹೊಡೆಯುವಾಗ ಯಾರು ಉಳಿಸುತ್ತಾರೆ? ದೊಡ್ಡದಾದ ಮೇಲೆ ತನ್ನದಲ್ಲ ಅಂತ ಗೊತ್ತಿದ್ದರೆ ಕೈ ತಾನಾಗೇ ಕತ್ತಿಯ ಕಡೆ ಹೋಗುತ್ತದೆ. ಮರ ಉಳಿಸಲು ಮಾಡಿದ ಕಾನೂನು ಸಸಿಗೆ ಮುಳುವಾಗಿದೆ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹಲಸಿನ ಕತೆ ಬೇರೆ. ಹಣ್ಣಿನ ವಾಸನೆಗೆ ಆನೆ ಬರುತ್ತದೆ ಅಂತ ಎಳೆಗಾಯಿಯನ್ನೇ ಕಿತ್ತು ಹಾಕುತ್ತಾರೆ, ಕೆಲವರು ಮರವನ್ನೇ ತೆಗೆಸುತ್ತಾರೆ. ರಾತ್ರಿ ಅಂಗಳದಲ್ಲಿ ಆನೆ ನಿಂತದ್ದನ್ನು ಕಂಡವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಡಿಯಲೇಬಾರದು ಅಂತ ಜನ ತಾವೇ ಬಿಟ್ಟ ಕಾಡೂ ಕೊಡಗಿನಲ್ಲಿದೆ. ದೇವರಕಾಡು. ಸಾವಿರದ ಇನ್ನೂರಕ್ಕೂ ಹೆಚ್ಚಿವೆ. ನಮ್ಮೂರಿಗೆ ಹತ್ತಿರದ್ದು ಅಯ್ಯಪ್ಪನದ್ದು. ಅಲ್ಲಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ, ಅಯ್ಯಪ್ಪ ಬೇಟೆಯ ದೇವರಲ್ವಾ. ಮರದ ಬುಡದಲ್ಲಿ ನೂರಾರು ನಾಯಿಗಳು. ಹೊಸವು ಕೆಂಪಗೆ, ಹಳೆಯವು ಪಾಚಿ ಹಿಡಿದು ಹಸಿರು, ಇನ್ನೂ ಹಳೆಯವು ಕಿವಿ ಕಾಲು ಕರಗಿ ಮಣ್ಣಿಗೆ ಸೇರುತ್ತಿವೆ. ಅಲ್ಲಿ ಬಿದ್ದ ಕಡ್ಡಿಯನ್ನೂ ಯಾರೂ ಮನೆಗೆ ತರುವುದಿಲ್ಲ. ಬೇಟೆಗಾರರ ದೇವರ ಕಾಡಿನಲ್ಲಿ ಬೇಟೆಯೂ ಇಲ್ಲ, ಕೊಡಲಿಯೂ ಇಲ್ಲ. ಗೋಪಾಲಯ್ಯನ ಎದೆಯಲ್ಲಿ ಕಂಡದ್ದೇ ಇಲ್ಲಿ ಒಂದು ಊರಿಗೆ ಊರೇ ಮಾಡಿಕೊಂಡ ಕಟ್ಟಳೆಯಾಗಿದೆ ಅನ್ನಿಸಿತು. ಆದರೆ ಇದಕ್ಕೂ ಒಂದು ಲೆಕ್ಕದ ಪುಸ್ತಕವಿದೆ. 1905ರಲ್ಲಿ ದೇವರಕಾಡು 15,506 ಎಕರೆ ಇತ್ತು. 1985ಕ್ಕೆ 6,299 ಎಕರೆ. ಆ ಎರಡು ಅಂಕಿಯ ನಡುವೆ ಯಾರೋ ಎಳೆದ ಕೆಂಪು ಗೆರೆಗಳು ನನಗೆ ಕಾಣುತ್ತವೆ.

ಅಪ್ಪ ಹೋಗಿ ಆರು ವರ್ಷವಾಯಿತು. ಹೋದ ವರ್ಷ ಕೊಡವರ ಕಕ್ಕಡ ತಿಂಗಳಲ್ಲಿ, ಆಗಸ್ಟ್ 3ರಂದು, ಮದ್ದುಸೊಪ್ಪು ಕುಯ್ಯಲು ತೋಡಿನ, ಅಂದರೆ ಸಣ್ಣ ಹಳ್ಳದ, ಅಂಚಿಗೆ ಹೋಗಿದ್ದೆ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ ಇದೆ. ಕುದಿಸಿದರೆ ಮನೆಯೆಲ್ಲ ಘಮ್ಮನ್ನುತ್ತದೆ. ನೀರು ಕಡು ನೇರಳೆ. ಅದರಲ್ಲೇ ಪಾಯಸ. ಅಲ್ಲಿ ಅಣ್ಣ ಸಿಕ್ಕಿದರು, 1984ರಲ್ಲಿ ಟಾರಿನ ಡಬ್ಬಿ ಹಿಡಿದಿದ್ದವರು. ತಲೆ ಪೂರ್ತಿ ಬೆಳ್ಳಗಾಗಿದೆ. ಮರ ಹತ್ತುವುದು ಬಿಟ್ಟಿದ್ದಾರೆ. ಗೊತ್ತಿಲ್ಲದ ಹದಿನೇಳು ಮರಗಳ ಮಾತು ತೆಗೆದೆ. “ಮಳೆ ಬಿಡಲಿ ಅಮ್ಮ, ಬರ್ತೇನೆ” ಅಂದರು.

ಡಿಸೆಂಬರಿನ ಒಂದು ಭಾನುವಾರ ಬಂದರು. ನಾನು ಅಪ್ಪನ ಪುಸ್ತಕದ ಕೊನೆಯ ಪುಟ ತೆಗೆದು ನಾಲ್ಕು ಕಾಲಂ ಎಳೆದಿದ್ದೆ. ಇಬ್ಬರೂ ಟೇಪು ಹಿಡಿದು ಹೊರಟೆವು. ಕೆಲವಕ್ಕೆ ಅವರು ಕನ್ನಡದ ಹೆಸರು ಹೇಳಿದರು. ಕೆಲವಕ್ಕೆ ಅವರ ಭಾಷೆಯದ್ದು ಮಾತ್ರ. ನಾನು ಕೇಳಿಸಿದ ಹಾಗೆ ಬರೆದುಕೊಂಡು ಓದಿ ಹೇಳುತ್ತಿದ್ದೆ. ಅವರು ತಲೆ ಅಲ್ಲಾಡಿಸಿ ಮತ್ತೆ ಹೇಳುತ್ತಿದ್ದರು. ಎರಡು ಮೂರು ಸಲ ತಿದ್ದಿದ ಮೇಲೆ ಸರಿಯಾಗುತ್ತಿತ್ತು.

ತೋಡು ದಾಟಿದ ಮೇಲೆ ಒಂದು ದೊಡ್ಡ ಮರ. ಬುಡದಲ್ಲಿ ಬೇರುಗಳು ಗೋಡೆಯ ಹಾಗೆ ಎದ್ದಿವೆ. ಅವರು ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಹೆಸರು ಹೇಳಿದರು. ಆಮೇಲೆ, “ಇದನ್ನ ಅವತ್ತು ನಿಮ್ಮಪ್ಪನೂ ಕೇಳಿದ್ರು. ನಾನು ಹೇಳ್ದೆ. ಬರೆಯೋಕೆ ಜಾಗ ಇಲ್ಲ ಅಂದ್ರು” ಅಂದರು.

ಹೆಸರು ಬರೆದೆ. ಸುತ್ತಳತೆ 13 ಅಡಿ 4 ಇಂಚು. ಷರಾಕ್ಕೆ ಏನು ಬರೆಯಲಿ ಅಂತ ಕೇಳಿದೆ.

ಅವರು ಕತ್ತೆತ್ತಿ ಮೇಲೆ ನೋಡಿದರು. ನಾನೂ ನೋಡಿದೆ. ಎಲೆಯೊಳಗೆ ಎಲ್ಲೋ ಮಂಗಟ್ಟೆಗಳು ಕೂಗಾಡುತ್ತಿದ್ದವು.

“ಹಣ್ಣು ಬಿಟ್ಟಿದೆ ಅಂತ ಬರೀರಿ” ಅಂದರು.